ಶಿಫ್ಟ್ ಬಿಟ್ಟು ಬಂದವರ ವಿಮರ್ಶೆ

ಬೆಂಗಳೂರಿನ ಪತ್ರಿಕೆಯಲ್ಲಿ ವಿಮರ್ಶೆ ಅಚ್ಚಾಗಿ ಬರುವ ಹೊತ್ತಿಗೆ ಭದ್ರಾವತಿಯಲ್ಲಿ ಆ ಸಿನಿಮಾದ ಹಣೆಬರಹ ತೀರ್ಮಾನವಾಗಿ ಹೋಗಿರುತ್ತಿತ್ತು. ಬೆಳಿಗ್ಗೆ ಆರಕ್ಕೆ ಕಾರ್ಖಾನೆ ಹೊಕ್ಕವರು ಮಧ್ಯಾಹ್ನ ಎರಡಕ್ಕೆ ಸೈರನ್ ಆದ ಕೂಡಲೇ ಹೊರಬಿದ್ದು, ಊಟದ ಡಬ್ಬಿ ಸೈಕಲ್ಲಿಗೆ ಸಿಕ್ಕಿಸಿಕೊಂಡೇ ಮ್ಯಾಟನಿಗೆ ಹೋಗುತ್ತಿದ್ದರು. ಸಂಜೆ ಟೀ ಅಂಗಡಿ ಮುಂದೆ ಅವರು ಆಡಿದ ಮಾತು ರಾತ್ರಿ ಹತ್ತಕ್ಕೆ ಸೆಕೆಂಡ್ ಶಿಫ್ಟ್ ಬಿಟ್ಟು ಬರುವವರಿಗೆ ಗೇಟಿನಲ್ಲೇ ಸಿಗುತ್ತಿತ್ತು. ಅದೇ ಗೇಟಿನಲ್ಲಿ ಒಳಗೆ ಹೋಗುವ ನೈಟ್ ಶಿಫ್ಟಿನವರು ಅದನ್ನು ಕುಲುಮೆಯ ಬಳಿಗೂ ಒಯ್ಯುತ್ತಿದ್ದರು. ಶನಿವಾರ ಬೆಳಗಾಗುವಷ್ಟರಲ್ಲಿ ನ್ಯೂಟೌನಿನ ನಲ್ಲಿಕಟ್ಟೆಗಳಲ್ಲೆಲ್ಲ ವಿಷಯ ಗೊತ್ತು. 'ಒಂದ್ಸಲ ನೋಡ್ಬಹುದು.' 'ಇಂಟರ್‌ವಲ್‌ವರೆಗೆ ಪರವಾಗಿಲ್ಲ, ಆಮೇಲೆ ಎಳೆದಿದಾರೆ.' 'ಹೆಂಗಸ್ರನ್ನ ಕಳ್ಸಿ, ನಾವ್ ಬೇಡ.' ಇಷ್ಟೇ. ಯಾರೂ ಸಹಿ ಹಾಕದ, ಯಾರೂ ಸಂಭಾವನೆ ಪಡೆಯದ ವಿಮರ್ಶೆ ಅದು.

ನಾನು ಹುಟ್ಟಿ ಬೆಳೆದದ್ದು ಆ ನ್ಯೂಟೌನಿನ ಕ್ವಾರ್ಟರ್ಸಿನಲ್ಲಿ. ಅಪ್ಪ ಮೆಷಿನ್ ಶಾಪಿನಲ್ಲಿ ಫಿಟ್ಟರ್. ನಾನು ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಟ್ಟೆ, ಮದುವೆಯಾಗಿ ಶಿವಮೊಗ್ಗ ಸೇರಿದೆ, ಈಗ ವಿನೋಬನಗರದಲ್ಲಿ ಪೆನ್ಷನ್ ತಗೊಂಡು ಸಿನಿಮಾ ನೋಡಿಕೊಂಡಿದ್ದೇನೆ. ಹದಿನೆಂಟು ಕಿಲೋಮೀಟರ್ ಅಂತರದ ಈ ಎರಡು ಊರುಗಳಿಗೆ ಸಿನಿಮಾದ ವಿಷಯದಲ್ಲಿ ಒಂದಕ್ಕೊಂದು ಸಂಬಂಧವೇ ಇಲ್ಲವೇನೋ ಅನ್ನಿಸುತ್ತದೆ. ಶಿವಮೊಗ್ಗ ಸಹ್ಯಾದ್ರಿ ಕಾಲೇಜಿನ, ಕರ್ನಾಟಕ ಸಂಘದ ಊರು. ಅಲ್ಲಿ ಸಿನಿಮಾ ನೋಡಿದವರು ಕಾಫಿ ಕುಡಿಯುತ್ತಾ ಲಂಕೇಶ್, ಅನಂತಮೂರ್ತಿ ಎನ್ನುತ್ತಿದ್ದರು. ಭದ್ರಾವತಿಯವರು ಟೀ ಕುಡಿಯುತ್ತಾ 'ಆ ಫೈಟ್ ಸುಳ್ಳು' ಎನ್ನುತ್ತಿದ್ದರು. ಈ ಎರಡೂ ಮಾತುಗಳ ನಡುವೆ ನನ್ನ ಆಯುಷ್ಯ ಕಳೆದಿದೆ. ಕನ್ನಡ ಸಿನಿಮಾದ ಚರಿತ್ರೆ ಬರೆದವರು ತೆಗೆದವರ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ, ನೋಡಿದವರು ಏನಂದರು ಎಂಬುದನ್ನು ಬರೆದಿಟ್ಟದ್ದು ಕಡಿಮೆ. ಟೀ ಅಂಗಡಿ ಮಾತನ್ನು ಕೀಳು ಎಂದು ಬಿಟ್ಟುಬಿಟ್ಟರು. ನನ್ನ ಲೆಕ್ಕದಲ್ಲಿ ಅದು ಕಾಫಿ ಮಾತಿಗಿಂತ ಎಷ್ಟೋ ಸಲ ಹದವಾಗಿತ್ತು.

ಮೊದಲು ಊರಿನ ವಿಷಯ. ಬೆಂಕಿಪುರ ಎಂಬ ಸಣ್ಣ ಊರು ಭದ್ರಾವತಿಯಾದದ್ದು ಕಾರ್ಖಾನೆಯಿಂದ. ವಿಶ್ವೇಶ್ವರಯ್ಯನವರು ಹಟ ಹಿಡಿದು ಕಟ್ಟಿಸಿದ ಮೈಸೂರು ಕಬ್ಬಿಣದ ಕಾರ್ಖಾನೆ 1918ರಲ್ಲಿ ಶುರುವಾಗಿ 1923ರಲ್ಲಿ ಕಬ್ಬಿಣ ಕೊಟ್ಟಿತು. ಮಲೆನಾಡಿನ ಸೌದೆ ಸುಟ್ಟು ಮಾಡಿದ ಇದ್ದಿಲೇ ಆಗ ಅದರ ಕುಲುಮೆಗೆ ಉರುವಲು. 1936ರಲ್ಲಿ ಕಾಗದದ ಕಾರ್ಖಾನೆಯೂ ಬಂತು. ಕೆಲಸ ಹುಡುಕಿಕೊಂಡು ತಮಿಳರು, ತೆಲುಗರು, ಮಲಯಾಳಿಗಳು, ಉರ್ದು ಮಾತಾಡುವವರು ಬಂದು ನೆಲೆಸಿದರು. ಹೀಗಾಗಿ ನಮ್ಮ ಸಾಲಿನ ಕ್ವಾರ್ಟರ್ಸಿನಲ್ಲಿ ಎಂಜಿಆರ್ ದೊಡ್ಡವರೋ ಎನ್‌ಟಿಆರ್ ದೊಡ್ಡವರೋ ರಾಜ್‌ಕುಮಾರ್ ದೊಡ್ಡವರೋ ಎಂಬ ಜಗಳ ಮೂರು ಭಾಷೆಯಲ್ಲಿ ನಡೆಯುತ್ತಿತ್ತು, ಮತ್ತು ಮೂವರಿಗೂ ಇನ್ನೊಬ್ಬರ ಭಾಷೆ ಬರುತ್ತಿತ್ತು. ಪಕ್ಕದ ಮನೆಯ ತಮಿಳಿನ ಅಕ್ಕ ಶಿವಾಜಿ ಗಣೇಶನ್ ಸಿನಿಮಾಕ್ಕೆ ಅಮ್ಮನನ್ನು ಕರೆದುಕೊಂಡು ಹೋಗಿ ಪಿಸುದನಿಯಲ್ಲಿ ಕನ್ನಡದಲ್ಲಿ ಕತೆ ಹೇಳುವುದು, ಅದಕ್ಕೆ ಬದಲಾಗಿ ಅಮ್ಮ ಅವರನ್ನು ಕಲ್ಪನಾ ಸಿನಿಮಾಕ್ಕೆ ಕರೆದೊಯ್ಯುವುದು. ಪರಭಾಷಾ ಚಿತ್ರಗಳ ಬಗ್ಗೆ ಇವತ್ತು ಆಡುವ ಜಗಳ ಆ ಸಾಲಿನಲ್ಲಿ ಇರಲಿಲ್ಲ. ಇದ್ದದ್ದು ಯಾರ ಸಿನಿಮಾಕ್ಕೆ ಯಾರು ಹೆಚ್ಚು ಅತ್ತರು ಎಂಬ ಲೆಕ್ಕ.

ಟಾಕೀಸಿಗಿಂತ ಮುಂಚೆ ನಾನು ನೋಡಿದ್ದು ಟೆಂಟು. ಹಳ್ಳಿ ಕಡೆ ಅಜ್ಜಿ ಮನೆಗೆ ಹೋದಾಗ ಬಯಲಿನಲ್ಲಿ ಎದ್ದು ನಿಲ್ಲುತ್ತಿದ್ದ ಟೂರಿಂಗ್ ಟಾಕೀಸು. ಮುಂದೆ ಮರಳಿನ ಮೇಲೆ ನೆಲ, ಅದರ ಹಿಂದೆ ಬೆಂಚು, ಕೊನೆಯಲ್ಲಿ ನಾಲ್ಕು ಕುರ್ಚಿ. ಗಂಡಸರಿಗೂ ಹೆಂಗಸರಿಗೂ ನಡುವೆ ಒಂದು ತಟ್ಟಿಯೋ ಹಗ್ಗವೋ. ಘಂಟಸಾಲ ಹಾಡಿದ ವೆಂಕಟೇಶನ ಹಾಡು ಮೈಕಿನಲ್ಲಿ ಕೇಳಿತೆಂದರೆ ಟಿಕೆಟ್ ಕೊಡಲು ಶುರು ಎಂದರ್ಥ. ತೆಲುಗಿನ ಆ ಹಾಡು ಕನ್ನಡ ನಾಡಿನ ಹಳ್ಳಿ ಹಳ್ಳಿಗೂ ಗಡಿಯಾರವಾಗಿತ್ತು. ಒಂದೇ ಪ್ರೊಜೆಕ್ಟರ್ ಇದ್ದದ್ದರಿಂದ ರೀಲು ಮುಗಿದಾಗಲೆಲ್ಲ ಕತ್ತಲೆ. ಆ ಕತ್ತಲೆಯಲ್ಲೇ ಅಭಿಪ್ರಾಯಗಳು ಹುಟ್ಟುತ್ತಿದ್ದವು. ಈಗ ಸಿನಿಮಾ ಮುಗಿಯುವ ತನಕ ಬಾಯಿ ಮುಚ್ಚಿಕೊಂಡಿರಬೇಕು, ಮುಗಿದ ಮೇಲೆ ಹೇಳಬೇಕು. ಆಗ ಪ್ರತಿ ರೀಲಿಗೂ ಒಂದೊಂದು ತೀರ್ಪು. 'ಇವ್ಳು ಅತ್ತೆಮನೇಲಿ ನಿಲ್ಲಲ್ಲ ನೋಡು' ಎಂದು ಹಿಂದಿನಿಂದ ಯಾರೋ ಹೇಳುವುದು, ಮುಂದಿನ ರೀಲಿನಲ್ಲಿ ಹಾಗೇ ಆಗುವುದು, ಇಡೀ ಹೆಂಗಸರ ಕಡೆ ಹೋ ಎನ್ನುವುದು.

ಭದ್ರಾವತಿಯ ಪಕ್ಕಾ ಟಾಕೀಸಿನಲ್ಲಿ ಎರಡು ಪ್ರೊಜೆಕ್ಟರ್ ಇದ್ದವು, ಕತ್ತಲೆ ಬೀಳುತ್ತಿರಲಿಲ್ಲ. ಆದರೆ ಇಲ್ಲಿಯ ಪ್ರೇಕ್ಷಕರಿಗೆ ಬೇರೆ ಕಸುಬು ಗೊತ್ತಿತ್ತು. ಪರದೆ ಮೇಲಿನ ಬೆಳಕು ಕೆಂಪಗಾಗಿ ಮಂಕಾದರೆ 'ಕಾರ್ಬನ್!' ಎಂಬ ಕೂಗು ಗಾಂಧಿ ಕ್ಲಾಸಿನಿಂದ ಏಳುತ್ತಿತ್ತು. ಆಗಿನ ಪ್ರೊಜೆಕ್ಟರಿನಲ್ಲಿ ಎರಡು ಕಾರ್ಬನ್ ಕಡ್ಡಿಗಳ ತುದಿಗಳ ನಡುವೆ ವಿದ್ಯುತ್ತು ಹಾರಿ ಬೆಳಕಾಗಬೇಕು. ಕಡ್ಡಿ ಉರಿದು ಸವೆದಂತೆ ಆಪರೇಟರ್ ಅದನ್ನು ಹತ್ತಿರಕ್ಕೆ ತರುತ್ತಿರಬೇಕು, ಮರೆತರೆ ಚಿತ್ರ ಮಬ್ಬು. ವೆಲ್ಡಿಂಗ್ ಮಾಡುವವರಿಗೆ ಆ ಆರ್ಕ್ ಹೊಸದೇ? ಅಪ್ಪನಂಥವರು ಸಿನಿಮಾ ಹೇಗಿತ್ತು ಎಂದು ಕೇಳಿದರೆ ಮೊದಲು ಬೆಳಕು ಹೇಗಿತ್ತು, ಸೌಂಡ್ ಹೇಗಿತ್ತು ಎಂದು ಹೇಳಿ ಆಮೇಲೆ ಕತೆಗೆ ಬರುತ್ತಿದ್ದರು. ನಾಯಕ ಕಾರ್ಖಾನೆಯಲ್ಲಿ ಕೆಲಸ ಮಾಡುವ ದೃಶ್ಯ ಬಂದರಂತೂ ಮುಗಿಯಿತು. 'ಲೇತ್ ಮುಂದೆ ತುಂಬುತೋಳಿನ ಷರಟು ಹಾಕ್ಕೊಂಡು ನಿಂತಿದಾನೆ, ಇವನ ಕೈ ಇರುತ್ತೇನು?' ಇದಕ್ಕಿಂತ ಒಳ್ಳೆಯ ವಾಸ್ತವವಾದಿ ವಿಮರ್ಶೆಯನ್ನು ನಾನು ಮುಂದೆ ಯಾವ ಸೆಮಿನಾರಿನಲ್ಲೂ ಕೇಳಲಿಲ್ಲ.

ಈ ಪ್ರೇಕ್ಷಕರೊಳಗಿಂದಲೇ ಪರದೆಗೆ ಹೋದವರೂ ಇದ್ದಾರೆ. ದೊಡ್ಡಣ್ಣ ಇದೇ ಉಕ್ಕಿನ ಕಾರ್ಖಾನೆಯ ನೌಕರರಾಗಿದ್ದವರು. ನಿರ್ದೇಶಕ ಎಸ್. ನಾರಾಯಣ್ ಹುಟ್ಟಿದ್ದು ಭದ್ರಾವತಿಯಲ್ಲಿ. ದೊಡ್ಡಣ್ಣ ತೆರೆಯ ಮೇಲೆ ಬಂದ ಕೂಡಲೇ ಇಲ್ಲಿಯವರು ನಕ್ಕದ್ದು ಪಾತ್ರಕ್ಕಲ್ಲ, ಗುರುತಿಗೆ.

ಇನ್ನು ಹೆಂಗಸರ ವಿಮರ್ಶೆ. ಇದರ ಬಗ್ಗೆ ನಾನು ಸ್ವಲ್ಪ ಹೆಚ್ಚೇ ಬರೆಯುತ್ತೇನೆ, ಏಕೆಂದರೆ ಕನ್ನಡ ಸಿನಿಮಾದ ಒಳ್ಳೆಯ ಕಾಲವನ್ನು ಕಾಪಾಡಿದ್ದು ಮ್ಯಾಟನಿಗೆ ಬಂದ ಹೆಂಗಸರು ಎಂಬುದು ನನ್ನ ಗಟ್ಟಿ ನಂಬಿಕೆ. ಅಪ್ಪ ಫಸ್ಟ್ ಶಿಫ್ಟ್‌ನಲ್ಲಿದ್ದ ವಾರ ಅಮ್ಮನಿಗೆ ಮಧ್ಯಾಹ್ನ ಬಿಡುವಿರಲಿಲ್ಲ. ಸೆಕೆಂಡ್ ಶಿಫ್ಟ್ ವಾರ ಬಂತೆಂದರೆ ಒಂದೂವರೆಗೆ ಅವರನ್ನು ಕಳಿಸಿ, ಪಾತ್ರೆ ತೊಳೆದಿಟ್ಟು, ಸಾಲಿನ ಐದಾರು ಹೆಂಗಸರು ಒಟ್ಟಿಗೆ ಹೊರಟುಬಿಡುತ್ತಿದ್ದರು. ಅವರೆಲ್ಲ ಬರೀ ಸಿನಿಮಾ ನೋಡುವವರಲ್ಲ, ಓದುವವರು. 1965ರಲ್ಲಿ 'ಸುಧಾ' ಬಂದಿತ್ತು, ಅದಕ್ಕೂ ಮುಂಚಿನಿಂದ 'ಪ್ರಜಾಮತ' ಇತ್ತು. ಧಾರಾವಾಹಿಯ ಕಂತು ಒಂದು ಮನೆಯಿಂದ ಇನ್ನೊಂದು ಮನೆಗೆ ಓಡಾಡುತ್ತಿತ್ತು. ಬಾಡಿಗೆ ಲೈಬ್ರರಿಯಿಂದ ತ್ರಿವೇಣಿ, ಎಂ.ಕೆ. ಇಂದಿರಾ, ತ.ರಾ.ಸು. ಬರುತ್ತಿದ್ದರು. ಆ ಕಾದಂಬರಿಗಳನ್ನೇ ಪುಟ್ಟಣ್ಣ ಕಣಗಾಲರು ಸಿನಿಮಾ ಮಾಡಿದಾಗ ಇವರು ಟಾಕೀಸಿಗೆ ಹೋದದ್ದು ಕತೆ ತಿಳಿಯಲು ಅಲ್ಲ, ಲೆಕ್ಕ ತಪಾಸಣೆಗೆ.

'ಗೆಜ್ಜೆ ಪೂಜೆ' ಬಂದದ್ದು 1969ರಲ್ಲಿ. ಎಂ.ಕೆ. ಇಂದಿರಾ ಹುಟ್ಟಿದ್ದು ನಮ್ಮ ತೀರ್ಥಹಳ್ಳಿಯಲ್ಲಿ ಎಂಬ ಅಭಿಮಾನ ಬೇರೆ. ವೇಶ್ಯೆಯ ಮಗಳು ಚಂದ್ರಾ ಎಲ್ಲರಂತೆ ಮದುವೆಯಾಗಿ ಸಂಸಾರ ಮಾಡಬೇಕೆಂದು ಆಸೆಪಟ್ಟು ಕೊನೆಗೆ ಸಾಯುತ್ತಾಳೆ. ನಾನು ಆಗ ಚಿಕ್ಕವಳು, ಆ ಸಿನಿಮಾಕ್ಕೆ ನನ್ನನ್ನು ಕರೆದುಕೊಂಡು ಹೋಗಲಿಲ್ಲ. ಆದರೆ ಅದರ ಬಗ್ಗೆ ನಡೆದ ಮಾತು ತಿಂಗಳುಗಟ್ಟಲೆ ಕೇಳಿದ್ದೇನೆ. 'ಸಾಯಿಸಿದ್ರೆ ಸುಲಭ ಅಲ್ವಾ? ಬದುಕಿಸಿದ್ರೆ ಯಾರ ಮನೆ ಜಗಲಿ ಮೇಲೆ ಕೂರಿಸ್ತಿದ್ರಿ?' ಎಂದು ಅಮ್ಮ ಅಕ್ಕಿ ಆರಿಸುತ್ತಾ ಕೇಳಿದ್ದು ನೆನಪಿದೆ. ಯಾರೂ ಉತ್ತರ ಕೊಡಲಿಲ್ಲ. ಆ ಪ್ರಶ್ನೆಯನ್ನು ಇಟ್ಟುಕೊಂಡು ಇವತ್ತಿಗೂ ನಾನು ಸಿನಿಮಾಗಳ ಕೊನೆಯ ರೀಲನ್ನು ನೋಡುತ್ತೇನೆ. ಎಷ್ಟು ಹೆಣ್ಣು ಪಾತ್ರಗಳನ್ನು ನಮ್ಮ ನಿರ್ದೇಶಕರು ಜಗಲಿಯ ಪ್ರಶ್ನೆ ತಪ್ಪಿಸಿಕೊಳ್ಳಲಿಕ್ಕಾಗಿ ಸಾಯಿಸಿದ್ದಾರೆ ಎಂದು ಲೆಕ್ಕ ಹಾಕಿದರೆ ಗಾಬರಿಯಾಗುತ್ತದೆ.

1971ರ 'ಶರಪಂಜರ'ವನ್ನು ಮಾತ್ರ ಅವರು ಬೇರೆ ತಟ್ಟೆಯಲ್ಲಿಟ್ಟಿದ್ದರು. ತ್ರಿವೇಣಿಯ ಕಾವೇರಿ ಬಾಣಂತನದ ನಂತರ ಬುದ್ಧಿ ಕೆಟ್ಟು, ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬರುತ್ತಾಳೆ. ಮನೆ ಅವಳನ್ನು ಮತ್ತೆ ಹುಚ್ಚಿ ಮಾಡುತ್ತದೆ. ಕಲ್ಪನಾ ಅಭಿನಯ ಅತಿಯಾಯಿತು ಎಂದು ಶಿವಮೊಗ್ಗದ ಕಾಫಿ ಮೇಜುಗಳಲ್ಲಿ ಮುಂದೆ ನಾನು ಎಷ್ಟೋ ಸಲ ಕೇಳಿದೆ. ಇರಬಹುದು. ಆದರೆ ಹೆರಿಗೆಯಾದ ಹೆಂಗಸಿಗೆ ತಲೆ ಕೆಡಬಹುದು, ಅದು ದೆವ್ವವೂ ಅಲ್ಲ ಪಾಪವೂ ಅಲ್ಲ ಎಂದು ನಮ್ಮ ಸಾಲಿನಲ್ಲಿ ಬಾಯಿ ಬಿಟ್ಟು ಹೇಳಿದ್ದು ಆ ಸಿನಿಮಾ ಬಂದ ಮೇಲೆ. ಇದಾಗಿ ಎಷ್ಟೋ ವರ್ಷಗಳ ಮೇಲೆ ಶಿವಮೊಗ್ಗದ ಮನೋವೈದ್ಯ ಡಾ. ಅಶೋಕ್ ಪೈ ಅವರು ಸುರೇಶ್ ಹೆಬ್ಳೀಕರ್ ಜೊತೆ ಸೇರಿ ಮನಸ್ಸಿನ ಕಾಯಿಲೆಗಳನ್ನೇ ವಸ್ತುವಾಗಿಟ್ಟ ಸಿನಿಮಾಗಳಲ್ಲಿ ತೊಡಗಿಕೊಂಡರು. ಅವು ಜಾಣ ಚಿತ್ರಗಳು, ಗೌರವ ಇದೆ. ಆದರೆ ನಲ್ಲಿಕಟ್ಟೆಯಲ್ಲಿ ಮಾತು ಹುಟ್ಟಿಸುವ ಕೆಲಸ ಕಾವೇರಿಯಿಂದ ಆದಷ್ಟು ಅವುಗಳಿಂದ ಆಗಲಿಲ್ಲ.

'ನಾಗರಹಾವು' ಬಂದಾಗ ತ.ರಾ.ಸು. ಅವರಿಗೇ ಸಿನಿಮಾ ಹಿಡಿಸಲಿಲ್ಲ ಎಂಬ ಸುದ್ದಿ ಹರಡಿತ್ತು. ಅಮ್ಮ ಕಾದಂಬರಿಕಾರರ ಪಕ್ಷ, ನಾನು ವಿಷ್ಣುವರ್ಧನ್ ಪಕ್ಷ. ಅದೇ 1972ರಲ್ಲಿ 'ಬಂಗಾರದ ಮನುಷ್ಯ'. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿದ, ಓದಿದ ಹುಡುಗರು ಹಳ್ಳಿಗೆ ಮರಳಿ ಬೇಸಾಯ ಹಿಡಿಯುವಂತೆ ಮಾಡಿತೆಂದು ಎಲ್ಲರೂ ಹೇಳುವ ಸಿನಿಮಾ. ನಮ್ಮ ಕಡೆ ಅದರ ಪರಿಣಾಮ ವಿಚಿತ್ರವಾಗಿತ್ತು. ಕಾರ್ಖಾನೆಯವರಲ್ಲಿ ಎಷ್ಟೋ ಜನ ಜಮೀನು ಬಿಟ್ಟು ಸಂಬಳ ಹುಡುಕಿಕೊಂಡು ಬಂದವರು. ಬರಡು ನೆಲವನ್ನು ಹೊನ್ನು ಮಾಡುವ ರಾಜೀವನನ್ನು ನೋಡಿ ಅವರಿಗೆ ಒಂದು ಥರ ತಪ್ಪಿತಸ್ಥ ಭಾವ. 'ರಿಟೈರ್ ಆದ್ಮೇಲೆ ಹೋಗ್ತೀನಿ' ಎಂದವರು ಬಹಳ, ಹೋದವರನ್ನು ನಾನು ಕಾಣೆ. ಜಗಳವಾದದ್ದು ಕೊನೆಯ ಬಗ್ಗೆ. ಅಕ್ಕನ ಮಗನ ಮಾತಿಗೆ ನೊಂದು ರಾಜೀವ ಎಲ್ಲ ಬಿಟ್ಟು ಹೊರಟುಹೋಗುತ್ತಾನಲ್ಲ, ಅದನ್ನು ಗಂಡಸರು ತ್ಯಾಗ ಎಂದರು. ತಮಿಳಿನ ಅಕ್ಕ ಒಪ್ಪಲಿಲ್ಲ. ಬಿಟ್ಟು ಹೋಗುವುದು ಗಂಡಸರಿಗೆ ಯಾವಾಗಲೂ ಸಲೀಸು, ಉಳಿದವಳು ಆ ಅಕ್ಕ ತಾನೇ, ಅವಳ ಕತೆ ಎಲ್ಲಿ ಎಂದು ಅವರ ವಾದ. ರಾಜ್‌ಕುಮಾರರ ಮೇಲೆ ಅಷ್ಟು ಭಕ್ತಿಯಿದ್ದ ಊರಿನಲ್ಲಿ ಈ ಮಾತನ್ನು ಜೋರಾಗಿ ಆಡುವಂತಿರಲಿಲ್ಲ. ಹಿತ್ತಿಲ ಕಡೆಯಿಂದ ಆಡುತ್ತಿದ್ದರು.

ಮಾತಿಗೆ ಇನ್ನೊಂದು ಆಸರೆ ರೇಡಿಯೊ. 1965ರಿಂದ ಭದ್ರಾವತಿಗೆ ತನ್ನದೇ ಆಕಾಶವಾಣಿ ಕೇಂದ್ರವಿದೆ, ಶಿವಮೊಗ್ಗಕ್ಕೇ ಇಲ್ಲದ ಭಾಗ್ಯ. ಕೋರಿಕೆಯ ಚಿತ್ರಗೀತೆಗಳ ಹೊತ್ತಿನಲ್ಲಿ ಊರೂರಿನ ಹೆಸರು ಓದುತ್ತಿದ್ದರು. ನೋಡದ ಸಿನಿಮಾದ ಬಗ್ಗೆಯೂ ಹಾಡು ಕೇಳಿಯೇ ಒಂದು ಅಭಿಪ್ರಾಯ ಇರುತ್ತಿತ್ತು ನಮಗೆ. ಹಾಡು ಚೆನ್ನಾಗಿದ್ದು ಸಿನಿಮಾ ಕೆಟ್ಟದಾಗಿದ್ದರೆ ಮೋಸಹೋದವರ ಹಾಗೆ ಸಿಟ್ಟು ಬರುತ್ತಿತ್ತು.

ಈಗ ಶಿವಮೊಗ್ಗದ ಕಾಫಿ ಮೇಜುಗಳಲ್ಲಿ ಮಾತಾಗುತ್ತಿದ್ದ ಆ ಇನ್ನೊಂದು ಬಗೆಯ ಸಿನಿಮಾದ ಕತೆಗೆ ಬರಬೇಕು. ಅನಂತಮೂರ್ತಿಯವರ 'ಸಂಸ್ಕಾರ' 1970ರಲ್ಲಿ ಪಟ್ಟಾಭಿರಾಮ ರೆಡ್ಡಿಯವರ ಕೈಯಲ್ಲಿ ಸಿನಿಮಾ ಆಯಿತು. ಸೆನ್ಸಾರಿನ ತಡೆ ದಾಟಿ ಬಂದು ಕನ್ನಡಕ್ಕೆ ಮೊದಲ ಸ್ವರ್ಣಕಮಲ ತಂದಿತು. ಬರೆದವರು ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯವರು. ಅದರಲ್ಲಿ ನಾರಣಪ್ಪನಾಗಿದ್ದವರು ಕೊನಗವಳ್ಳಿಯ ಪಿ. ಲಂಕೇಶ್, ಒಂದು ಕಾಲಕ್ಕೆ ಸಹ್ಯಾದ್ರಿ ಕಾಲೇಜಿನಲ್ಲಿ ಇಂಗ್ಲಿಷ್ ಹೇಳಿಕೊಟ್ಟವರು. ಅದೇ ಲಂಕೇಶ್ 1976ರಲ್ಲಿ 'ಪಲ್ಲವಿ' ತೆಗೆದು ದೇಶದ ಅತ್ಯುತ್ತಮ ನಿರ್ದೇಶಕ ಎನ್ನಿಸಿಕೊಂಡರು. ಮರುವರ್ಷ ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನ ಗಿರೀಶ್ ಕಾಸರವಳ್ಳಿ, ಪುಣೆಯಲ್ಲಿ ಕಲಿತು ಬಂದ ಇನ್ನೂ ಇಪ್ಪತ್ತೇಳರ ಹುಡುಗ, 'ಘಟಶ್ರಾದ್ಧ' ಮಾಡಿ ಮತ್ತೊಂದು ಸ್ವರ್ಣಕಮಲ ತಂದರು. ಮುಂದೆ 'ತಬರನ ಕಥೆ', 'ತಾಯಿ ಸಾಹೇಬ', ಸಾಗರದ ನಾ. ಡಿಸೋಜರ ಕತೆಯ 'ದ್ವೀಪ' ಸೇರಿ ಕಾಸರವಳ್ಳಿಯವರೊಬ್ಬರಿಗೇ ನಾಲ್ಕು. ಒಂದು ಜಿಲ್ಲೆಯಿಂದ ಇಷ್ಟು ಬಂದದ್ದು ಸಣ್ಣ ಮಾತಲ್ಲ. ಇವುಗಳಲ್ಲಿ ಒಂದನ್ನೂ ನಾನು ಭದ್ರಾವತಿಯ ಟಾಕೀಸಿನಲ್ಲಿ ನೋಡಿಲ್ಲ. ಶಿವಮೊಗ್ಗದ ಮಲ್ಲಿಕಾರ್ಜುನ, ಎಚ್‌ಪಿಸಿ, ಲಕ್ಷ್ಮೀ ಟಾಕೀಸುಗಳ ಮುಂದೆ ನಾನು ಕ್ಯೂ ನಿಂತದ್ದೆಲ್ಲ ಬೇರೆ ಸಿನಿಮಾಗಳಿಗೆ.

ನೋಡಿದ್ದೆಲ್ಲಿ? ಒಂದಿಷ್ಟು ಕಾಲೇಜಿನ ಹಾಲಿನಲ್ಲಿ, ಒಂದಿಷ್ಟು ಹೆಗ್ಗೋಡಿನಲ್ಲಿ. ಅಡಿಕೆ ತೋಟದ ಯಜಮಾನ ಕೆ.ವಿ. ಸುಬ್ಬಣ್ಣ 1949ರಲ್ಲೇ ಶುರುವಾಗಿದ್ದ ನೀನಾಸಮ್ ನಾಟಕ ಸಂಘಕ್ಕೆ 1973ರಲ್ಲಿ ಚಿತ್ರಸಮಾಜವನ್ನೂ ಸೇರಿಸಿದರು. ಸಾಗರದಾಚೆಯ ಆ ಹಳ್ಳಿಯಲ್ಲಿ, ಹದಿನಾರು ಮಿಲಿಮೀಟರಿನ ಪ್ರೊಜೆಕ್ಟರಿನಲ್ಲಿ, ಅಡಿಕೆ ಸುಲಿಯುವವರೂ ಮೇಷ್ಟರುಗಳೂ ಒಟ್ಟಿಗೆ ಕೂತು 'ಪಥೇರ್ ಪಾಂಚಾಲಿ', 'ಬೈಸಿಕಲ್ ಥೀವ್ಸ್', 'ರಾಶೋಮಾನ್' ನೋಡಿದರು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಪ್ರೊಫೆಸರ್ ಸತೀಶ್ ಬಹಾದ್ದೂರ್ ಬಂದು ಪಾಠ ಹೇಳುತ್ತಿದ್ದರು. ಮೇಡಂ ಆದ ಹೊಸದರಲ್ಲಿ ನಾನೂ ಅಲ್ಲಿನ ಶಿಬಿರವೊಂದಕ್ಕೆ ಹೋಗಿದ್ದೆ. ಒಂದೇ ದೃಶ್ಯವನ್ನು ತಿರುಗಿಸಿ ತಿರುಗಿಸಿ ಹಾಕಿ, ಇಲ್ಲಿ ಕ್ಯಾಮೆರಾ ಏಕೆ ಕೆಳಗಿದೆ, ಈ ಶಬ್ದ ಎಲ್ಲಿಂದ ಬಂತು ಎಂದು ಕೇಳುವ ಆ ಕ್ರಮಕ್ಕೆ ಬೆರಗಾಗಿಬಿಟ್ಟೆ. ಸೈಕಲ್ ಕಳಕೊಂಡವನ ಕತೆ ನೋಡುವಾಗ ಮಾತ್ರ ನನಗೆ ರೋಮ್ ಕಾಣಲಿಲ್ಲ, ಕಾರ್ಖಾನೆ ಗೇಟಿನ ಸೈಕಲ್ ಸ್ಟ್ಯಾಂಡ್ ಕಂಡಿತು. ಚರ್ಚೆಯಲ್ಲಿ ಯಾರೋ ಯುದ್ಧಾನಂತರದ ಯುರೋಪಿನ ಸ್ಥಿತಿ ಎಂದರು. ಊರಿಗೆ ಬಂದು ಅಪ್ಪನಿಗೆ ಕತೆ ಹೇಳಿದರೆ ಅವರು ಕೇಳಿದ್ದು ಒಂದೇ: 'ಬೀಗ ಹಾಕಿರ್ಲಿಲ್ವಾ?'

ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಬಂತು, ಬರಬೇಕಾದದ್ದೇ. ಹೆಗ್ಗೋಡು ನನ್ನಂಥವರಿಗೆ ಕಣ್ಣು ಕೊಟ್ಟಿತು. ಅದರ ಜೊತೆಗೆ ಒಂದು ಸಣ್ಣ ಅಹಂಕಾರವನ್ನೂ ನಾವೇ ಹಚ್ಚಿಕೊಂಡೆವು ಎನ್ನಬೇಕು. 1980ರಿಂದ 'ಲಂಕೇಶ್ ಪತ್ರಿಕೆ' ಬರತೊಡಗಿದ ಮೇಲೆ ಚುಚ್ಚಿ ಬರೆಯುವುದೇ ವಿಮರ್ಶೆ ಎಂಬ ಹುಕಿಯೂ ಸೇರಿತು. ಶಿವಮೊಗ್ಗದ ಸ್ಟಾಫ್ ರೂಮುಗಳಲ್ಲಿ ಸಿನಿಮಾ 'ಚೆನ್ನಾಗಿತ್ತು' ಎನ್ನುವುದಕ್ಕೆ ಹಿಂಜರಿಕೆ. ಅತ್ತೆ ಎಂದರೆ ಅಪಮಾನ, ನಕ್ಕೆ ಎಂದರೆ ಇನ್ನೂ ಅಪಮಾನ.

ಎರಡೂ ಕಡೆಯವರನ್ನು ಒಂದೇ ಚಾಪೆ ಮೇಲೆ ಕೂರಿಸಿದ್ದು ದೂರದರ್ಶನ. ಎಂಬತ್ತರ ದಶಕದ ನಡುವೆ ಟಿ.ವಿ. ಬಂದಾಗ, ಭಾನುವಾರ ಮಧ್ಯಾಹ್ನ ಪ್ರಶಸ್ತಿ ಬಂದ ಪ್ರಾದೇಶಿಕ ಚಿತ್ರಗಳನ್ನು ಹಾಕುತ್ತಿದ್ದರು. ಇಡೀ ದೇಶಕ್ಕೆ ಕೆಳಗೆ ಇಂಗ್ಲಿಷ್ ಅಕ್ಷರ, ನಮಗೆ ಬರೀ ಕನ್ನಡ. 'ಘಟಶ್ರಾದ್ಧ'ವನ್ನು ನಾನು ಅಮ್ಮನ ಜೊತೆ ನೋಡಿದ್ದು ಹಾಗೆ. ವೇದ ಕಲಿಯಲು ಬಂದ ಪುಟ್ಟ ನಾಣಿ, ಗುರುಗಳ ವಿಧವೆ ಮಗಳು ಯಮುನಕ್ಕ, ಅವಳ ಬಸಿರು, ಬದುಕಿರುವಾಗಲೇ ಅವಳಿಗೆ ಮಾಡುವ ಶ್ರಾದ್ಧ. ಕೊನೆಯಲ್ಲಿ ತಲೆ ಬೋಳಿಸಿಕೊಂಡು ಮರದ ಕೆಳಗೆ ಕೂತ ಅವಳನ್ನು ನಾಣಿ ನೋಡುತ್ತಾನೆ. ಮಾತಿಲ್ಲ, ಹಾಡಿಲ್ಲ. ಅಮ್ಮನಿಗೆ ಬೇಸರವಾಗಬಹುದೆಂದು ನಾನು ಎರಡು ಸಲ 'ಬೇರೆ ಏನಾದ್ರೂ ಕೆಲ್ಸ ಇದ್ರೆ ನೋಡ್ಕೋ ಅಮ್ಮ' ಎಂದಿದ್ದೆ. ಅವರು ಕದಲಲಿಲ್ಲ. ಮುಗಿದ ಮೇಲೆ ಅಂದರು: 'ಇದರಲ್ಲಿ ಸಾಯಿಸ್ಲಿಲ್ಲ ನೋಡು. ಕೂರಿಸಿದಾನೆ.' ಹದಿನೈದು ವರ್ಷಕ್ಕೂ ಹಿಂದೆ ಅಕ್ಕಿ ಆರಿಸುತ್ತಾ ಕೇಳಿದ ಪ್ರಶ್ನೆಗೆ ತೀರ್ಥಹಳ್ಳಿಯ ಹುಡುಗನೊಬ್ಬ ಉತ್ತರ ಕೊಟ್ಟಿದ್ದಾನೆ ಎಂದು ಅವರಿಗೆ ತಿಳಿದುಬಿಟ್ಟಿತ್ತು. ನಾನು ಶಿಬಿರದಲ್ಲಿ ಟಿಪ್ಪಣಿ ಮಾಡಿಕೊಂಡ ಪುಸ್ತಕದಲ್ಲಿ ಈ ಮಾತು ಇರಲಿಲ್ಲ.

'ತಬರನ ಕಥೆ' ಬಂದಾಗಲೂ ಹಾಗೇ. ತೇಜಸ್ವಿಯವರ ಕತೆ, ಪೆನ್ಷನ್‌ಗಾಗಿ ಕಚೇರಿ ಕಚೇರಿ ಅಲೆಯುವ ಮುನಿಸಿಪಾಲಿಟಿ ಜವಾನ ತಬರಶೆಟ್ಟಿ, ಚಾರುಹಾಸನ್ ಅಭಿನಯ. ಅದನ್ನು 'ಅವಾರ್ಡ್ ಸಿನಿಮಾ' ಎಂದು ನಮ್ಮ ಸಾಲಿನಲ್ಲಿ ಯಾರೂ ಪಕ್ಕಕ್ಕೆ ತಳ್ಳಲಿಲ್ಲ. ಯಾವ ಕಾಗದ ಯಾವ ಟೇಬಲ್ಲಿನಲ್ಲಿ ನಿಂತಿತು ಎಂದು ಕ್ರಮವಾಗಿ ಹೇಳುವವರಿದ್ದರು. ತಬರನ ಫೈಲು ಹೀಗೆ ಹೋಗಬೇಕಿತ್ತು, ಹಾಗೆ ಹೋಗಿದ್ದೇ ತಪ್ಪು ಎಂದು ವಾರವಿಡೀ ಚರ್ಚೆ. ಈ ಸಿನಿಮಾಗಳನ್ನು ಜನ ಒಪ್ಪುವುದಿಲ್ಲ ಎಂಬ ಮಾತನ್ನು ಅಂದಿನಿಂದ ನಾನು ನಂಬುವುದು ಬಿಟ್ಟೆ. ಜನರ ಬಳಿಗೆ ಅವು ಬರಲಿಲ್ಲ, ಅಷ್ಟೇ.

ಹಾಗೆ ನೋಡಿದರೆ ನಮ್ಮವರಿಗೆ ಸಿನಿಮಾದಲ್ಲಿ ಊರು ಹುಡುಕುವ ಚಟವೂ ಇದೆ. ಶಂಕರ್‌ನಾಗ್ ಆಗುಂಬೆಯಲ್ಲಿ 'ಮಾಲ್ಗುಡಿ ಡೇಸ್' ತೆಗೆದಾಗ ಧಾರಾವಾಹಿ ಹಿಂದಿಯಲ್ಲಿ ಬರುತ್ತಿದ್ದರೂ ಎಲ್ಲರೂ ನೋಡಿದರು, ದೊಡ್ಡಮನೆಯ ಜಗಲಿ ಕಾಣಿಸಿದ ಕೂಡಲೇ ಕತೆ ಯಾರಿಗೂ ಬೇಕಿರಲಿಲ್ಲ. ಅದರ ರೈಲು ನಿಲ್ದಾಣವಾಗಿದ್ದ ಅರಸಾಳಿನ ಹಳೇ ಕಟ್ಟಡವನ್ನು 2020ರಲ್ಲಿ ರೈಲ್ವೆಯವರು ಮಾಲ್ಗುಡಿ ಮ್ಯೂಸಿಯಂ ಮಾಡಿದ್ದಾರೆ. ಮೈಸೂರು ಸೀಮೆಯ ಒಬ್ಬ ಲೇಖಕ ಇಂಗ್ಲಿಷಿನಲ್ಲಿ ಕಲ್ಪಿಸಿದ ಊರು ಹೊಸನಗರ ತಾಲ್ಲೂಕಿನಲ್ಲಿ ಸಿಗುತ್ತದೆ ಎಂಬುದು ನನಗೆ ಇವತ್ತಿಗೂ ತಮಾಷೆ. 2006ರ ಕೊನೆಗೆ 'ಮುಂಗಾರು ಮಳೆ' ಬಂದು ಜೋಗ ತೋರಿಸಿದಾಗ ಶಿವಮೊಗ್ಗದವರು ತಮ್ಮ ನೆಂಟರಿಗೆಲ್ಲ ಫೋನು ಮಾಡಿದರು. ಆ ಸಿನಿಮಾ ನನಗೆ ಮಳೆ ನಿಲ್ಲದ ಕಾರಣಕ್ಕೆ ಇಷ್ಟ. ನಾಯಕನ ಮಾತು ನಿಲ್ಲದ ಕಾರಣಕ್ಕೆ ಅಷ್ಟಕ್ಕಷ್ಟೆ.

ಇಷ್ಟರಲ್ಲಿ ಟಾಕೀಸುಗಳ ಕಾಲ ಇಳಿಯುತ್ತಿತ್ತು. ಒಂದು ರಾತ್ರಿಗೆ ಬಾಡಿಗೆಗೆ ತರುತ್ತಿದ್ದ ವಿಡಿಯೊ ಕ್ಯಾಸೆಟ್ಟು, ಆಮೇಲೆ ಕೇಬಲ್ಲು. ರೀಲಿನ ತಗಡಿನ ಡಬ್ಬಗಳು ಹೋಗಿ ಸ್ಯಾಟಲೈಟಿನಲ್ಲಿ ಸಿನಿಮಾ ಇಳಿಯತೊಡಗಿತು. ಕಾರ್ಬನ್ ಎಂದು ಕೂಗುವವರಿಗೆ ಕೆಲಸವಿಲ್ಲ. ಕಾಗದದ ಕಾರ್ಖಾನೆ ಉತ್ಪಾದನೆ ನಿಲ್ಲಿಸಿತು, 2023ರಲ್ಲಿ ಉಕ್ಕಿನ ಕಾರ್ಖಾನೆಯನ್ನೂ ಮುಚ್ಚುವ ಮಾತು ಬಂದು ಕಾರ್ಮಿಕರು ಧರಣಿ ಕೂತರು. ಶಿಫ್ಟಿಲ್ಲದ ಊರಿನಲ್ಲಿ ಮ್ಯಾಟನಿಗೆ ಯಾರು ಹೋಗುತ್ತಾರೆ? ಶಿವಮೊಗ್ಗದಲ್ಲಿ ಲಕ್ಷ್ಮೀ ಟಾಕೀಸ್ ಸರ್ಕಲ್ ಎಂದರೆ ಸಿನಿಮಾದ ಗೊಡವೆಯಿಲ್ಲದ ಹುಡುಗರೂ ಆಟೋ ಇಳಿಯುತ್ತಾರೆ. ನಾನು ಮೊಮ್ಮಗಳ ಜೊತೆ ಸಿಟಿ ಸೆಂಟರ್ ಮಾಲಿಗೆ ಹೋಗುತ್ತೇನೆ. ಟಿಕೆಟ್ಟಿಗಿಂತ ಪಾಪ್‌ಕಾರ್ನ್ ದುಬಾರಿ, ಸೀಟು ಮಾತ್ರ ಸೊಗಸು.

ಈಚೆಗೆ ನೋಡಿದವುಗಳಲ್ಲಿ ಮೂರರ ಬಗ್ಗೆ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. 'ಡೇರ್‌ಡೆವಿಲ್ ಮುಸ್ತಫಾ' ತೇಜಸ್ವಿಯವರ ಓದುಗರೇ ದುಡ್ಡು ಹಾಕಿ 2023ರಲ್ಲಿ ತಂದ ಸಿನಿಮಾ. ಕತೆಯಲ್ಲಿರುವ ಒಣ ನಗು ಸಿನಿಮಾದಲ್ಲಿ ಸ್ವಲ್ಪ ಬಣ್ಣ ಬಳಿದುಕೊಂಡಿದೆ. ಆದರೂ ಕ್ಲಾಸಿನ ಹುಡುಗರು ಒಬ್ಬ ಮುಸ್ಲಿಂ ಹುಡುಗನಿಗೆ ಮೊದಲು ಹೆದರಿ, ಆಮೇಲೆ ಅವನನ್ನು ತಮ್ಮವನನ್ನಾಗಿ ಮಾಡಿಕೊಳ್ಳುವ ಕ್ರಮ ನನ್ನ ಮೂವತ್ತು ವರ್ಷದ ಮೇಷ್ಟ್ರುಗಿರಿಗೆ ನಿಜವೆನ್ನಿಸಿತು. ಅಮ್ಮ ಇದ್ದಿದ್ದರೆ ಪುಸ್ತಕ ತೆರೆದು ತಪಾಸಣೆ ಮಾಡುತ್ತಿದ್ದರು.

2024ರ 'ಶಾಖಾಹಾರಿ' ಟಾಕೀಸಿನಲ್ಲಿ ತಪ್ಪಿಹೋಗಿ ಮನೆಯಲ್ಲಿ ನೋಡಿದೆ. ಮಲೆನಾಡಿನ ಸಣ್ಣ ಊರು, ಸುಬ್ಬಣ್ಣ ಎಂಬ ಹೋಟೆಲಿನವನಾಗಿ ರಂಗಾಯಣ ರಘು. ಪೊಲೀಸರಿಂದ ತಪ್ಪಿಸಿಕೊಂಡ ಹುಡುಗ ಗಾಯಗೊಂಡು ಅವನ ಹೋಟೆಲಿಗೆ ಬಂದು ಸೇರಿಕೊಳ್ಳುತ್ತಾನೆ. ಮುಂದಿನದು ಹೇಳುವುದಿಲ್ಲ. ಅರಚಾಡುವ ಪಾತ್ರಗಳಲ್ಲೇ ನಾವು ನೋಡುತ್ತಿದ್ದ ನಟ ಇಲ್ಲಿ ಧ್ವನಿ ಇಳಿಸಿ, ಕಣ್ಣಿನಲ್ಲಿ ಕೆಲಸ ಮಾಡಿದ್ದಾರೆ. ಅಪ್ಪನ ಬುದ್ಧಿ ನನಗೂ ಬಂದಿದೆ: ಬೆಂಚು, ಒಲೆ, ದೋಸೆ ಹಂಚು, ನೀರು ತುಂಬಿಟ್ಟ ಡ್ರಮ್ಮು ಎಲ್ಲ ಸರಿಯಾಗಿದ್ದಾವೋ ಎಂದು ಮೊದಲು ನೋಡಿದೆ. ಸರಿಯಾಗಿದ್ದವು. ಎರಡನೇ ಅರ್ಧ ಹತ್ತು ನಿಮಿಷ ಕಡಿಮೆಯಿದ್ದರೆ ಚೆನ್ನಿತ್ತು. ಅಂಥ ಮಳೆಯಲ್ಲಿ ಹೋಟೆಲು ನಡೆಸುವ ಒಂಟಿ ಗಂಡಸಿನ ಬೇಗುದಿಯನ್ನು ಮಾತ್ರ ಕರಾವಳಿಯವರೋ ಬೆಂಗಳೂರಿನವರೋ ಹೀಗೆ ತೋರಿಸಲಾರರು ಎಂದು ನನ್ನ ಪಕ್ಷಪಾತದ ತೀರ್ಪು.

2025ರ ಜುಲೈನಲ್ಲಿ ಬಂದ 'ಸು ಫ್ರಮ್ ಸೋ' ದೊಡ್ಡ ಸ್ಟಾರ್ ನಾಯಕನಿಲ್ಲದೆ ಬಾಯಿಮಾತಿನಿಂದಲೇ ಹಬ್ಬಿದ ಸಿನಿಮಾ. ಅದನ್ನು ಕಂಡು ನನಗೆ ಖುಷಿಯಾಯಿತು. ಕಾರ್ಖಾನೆ ಗೇಟಿನ ಕೆಲಸವನ್ನು ಈಗ ಫೋನು ಮಾಡುತ್ತಿದೆ. ಮೊಮ್ಮಗಳಿಗೆ ಗೆಳತಿಯೊಬ್ಬಳು 'ಹೋಗಲೇಬೇಕು' ಎಂದು ಕಳಿಸಿದ್ದಳಂತೆ, ಇವಳು ನನ್ನನ್ನು ಎಳೆದೊಯ್ದಳು. ಕರಾವಳಿಯ ಹಳ್ಳಿಯೊಂದರ ಹುಡುಗನ ಮೈಮೇಲೆ ಸೋಮೇಶ್ವರದ ಸುಲೋಚನಾ ಎಂಬವಳ ದೆವ್ವ ಬಂದಿದೆಯೆಂದು ಊರಿನ ಗಂಡಸರೆಲ್ಲ ನಡುಗುತ್ತಾರೆ. ಹಾಲಿನಲ್ಲಿ ಎಲ್ಲರೂ ಬಿದ್ದು ಬಿದ್ದು ನಕ್ಕರು, ನಾನೂ ನಕ್ಕೆ. ಕೊನೆಗೊಮ್ಮೆ ಕತೆ ಒಬ್ಬ ನಿಜವಾದ ಹೆಂಗಸಿನ ಕಷ್ಟದ ಕಡೆ ತಿರುಗಿದಾಗ ನಗು ನಿಂತಿತು. ಅಲ್ಲಿ ಸಿನಿಮಾ ಸ್ವಲ್ಪ ಅವಸರ ಮಾಡಿದೆ. ಗಂಡಸರ ಹೆದರಿಕೆಗೆ ಅಷ್ಟು ಹೊತ್ತು ಕೊಟ್ಟವರು ಆ ಹೆಂಗಸಿಗೂ ಇನ್ನರ್ಧ ರೀಲು ಕೊಡಬಹುದಿತ್ತು.

ಹೊರಗೆ ಬಂದು ಇದನ್ನು ಹೇಳಿದರೆ ಮೊಮ್ಮಗಳು ಒಪ್ಪಲಿಲ್ಲ. ಹೆಚ್ಚು ತೋರಿಸಿದ್ದರೆ ಅದು ಭಾಷಣವಾಗುತ್ತಿತ್ತು, ನಗುತ್ತಿದ್ದವರಿಗೆ ಒಮ್ಮೆಗೇ ತಿವಿದದ್ದೇ ಸರಿ ಎಂದು ಅವಳ ವಾದ. ಪಾರ್ಕಿಂಗಿನಿಂದ ವಿನೋಬನಗರದವರೆಗೂ ವಾದ ನಡೆಯಿತು. ಅವಳು ಮುಂದಿನ ವಾರ ಇನ್ನೊಮ್ಮೆ ನೋಡಿ ತೀರ್ಮಾನ ಮಾಡೋಣ ಅಜ್ಜಿ ಎಂದಳು. ಟಿಕೆಟ್ ನನ್ನ ಪೆನ್ಷನ್ನಿನಲ್ಲೇ ಎಂಬುದು ಬೇರೆ ಮಾತು.